ಗುಮ್ಮಟಕ್ಕೆ ನೂರು ಮೀಟರ್, ಮರಕ್ಕೆ?

ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ ಕಡೆಯಿಂದ ವಿಜಯಪುರಕ್ಕೆ ಹೊರಡುವ ಶಾಲಾ ಪ್ರವಾಸದ ದಾರಿ ಬಹುತೇಕ ಒಂದೇ: ಗೋಳಗುಮ್ಮಟ, ಬಾರಾ ಕಮಾನ್, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು. ಗುಮ್ಮಟದೊಳಗೆ ಗಂಟಲು ಹರಿಯುವಂತೆ ಕೂಗಿ, ಹೊರಗೆ ಬಂದು ಬುತ್ತಿ ಬಿಚ್ಚಿ ರೊಟ್ಟಿ ಉಂಡರೆ ಪ್ರವಾಸ ಮುಗಿಯಿತು. ಅದೇ ಊರಿನ ಯೋಗಾಪುರದಲ್ಲಿ ದರ್ಗಾದ ಬಳಿ ನಿಂತಿರುವ ದೊಡ್ಡಹುಣಸೆ ಮರದ ಕಡೆಗೆ ಬಸ್ಸು ತಿರುಗುವುದು ಅಪರೂಪ.

ಹೆಸರಿಗೆ ಹುಣಸೆಯಾದರೂ ಇದು ನಮ್ಮ ಸಾರಿನ ಹುಣಸೆಯಲ್ಲ. ಆಫ್ರಿಕಾದ ಬಾವೋಬಾಬ್, ಎರಿ ಹೊಲದ ಹತ್ತಿಗೂ ಬೂರುಗಕ್ಕೂ ನೆಂಟ. ಬೂದು ಬಣ್ಣದ ನುಣುಪು ತೊಗಟೆ ಆನೆ ಕಾಲಿನಂತೆ ಮಡಿಕೆ ಬಿದ್ದಿರುತ್ತದೆ. ಎಲೆ ಬಿಡಿಸಿದ ಅಂಗೈಯಂತೆ. ಬಿಳಿ ಹೂವು ಸಂಜೆ ಅರಳಿ, ರಾತ್ರಿ ಬಾವಲಿಗಳನ್ನು ಕರೆದು, ಮರುದಿನವೇ ಬಾಡುತ್ತದೆ. ಉದ್ದ ತೊಟ್ಟಿಗೆ ಜೋತುಬಿದ್ದ ಕಾಯಿ ಒಡೆದರೆ ಒಳಗೆ ಹಿಟ್ಟಿನಂಥ ಹುಳಿ ತಿರುಳು. ಬಿರುಬೇಸಿಗೆಯಲ್ಲಿ ಎಲೆ ಉದುರಿಸಿ, ಕಾಂಡದಲ್ಲಿ ಕೂಡಿಟ್ಟ ನೀರಿನ ಮೇಲೆ ದಿನ ನೂಕುತ್ತದೆ. ಬರದ ಸೀಮೆಗೆ ಹೇಳಿ ಮಾಡಿಸಿದ ಮರ.

ಇದು ಇಲ್ಲಿಗೆ ಬಂದದ್ದಾದರೂ ಹೇಗೆ? ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿ ಆಫ್ರಿಕಾ ಮೂಲದ ಹಬ್ಶಿಗಳಿಗೆ ದೊಡ್ಡ ಸ್ಥಾನವಿತ್ತು. ಅವರಲ್ಲೊಬ್ಬನಾದ ಇಖ್ಲಾಸ್ ಖಾನ್ ಮಂತ್ರಿಯೇ ಆಗಿದ್ದ. ಭಾರತದ ಬಾವೋಬಾಬ್‌ಗಳು ಆಫ್ರಿಕಾದ ಒಂದೇ ಕಡೆಯಿಂದ ಬಂದವಲ್ಲ, ವ್ಯಾಪಾರ ಮತ್ತು ಜನರ ವಲಸೆಯ ಜೊತೆ ಹಲವು ಸಲ ಬಂದವು ಎಂದು 2015ರ ತಳಿಶಾಸ್ತ್ರ ಅಧ್ಯಯನವೊಂದು ತೋರಿಸಿದೆ. ಅಂದರೆ ಈ ಮರವೂ ಒಂದು ಶಾಸನವೇ.

ಕಲ್ಲಿನ ಶಾಸನಕ್ಕೆ ಕಾನೂನಿನ ಕಾವಲಿದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ. ಹಳೆಯ ಮರಕ್ಕೆ ಅಂಥ ಗೆರೆ ಇಲ್ಲ. ಬುಡಕ್ಕೆ ಸಿಮೆಂಟು ಸುರಿದು ಕಟ್ಟೆ ಕಟ್ಟಬಹುದು, ಕಾಂಡಕ್ಕೆ ಮೊಳೆ ಹೊಡೆದು ಫ್ಲೆಕ್ಸ್ ತೂಗಬಹುದು; ತಡೆಯುವವರು ಕಡಿಮೆ.

ಮರಗಳನ್ನೇ ಸ್ಮಾರಕವಾಗಿ ಕಾಯುವ ಕಡೆಯೂ ಉಂಟು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಪಕ್ಕದಲ್ಲೇ ಮ್ಯೂರ್ ವುಡ್ಸ್ ಎಂಬ ಪುರಾತನ ರೆಡ್‌ವುಡ್ ಕಾಡಿದೆ. ವಿಲಿಯಂ ಕೆಂಟ್ ಎಂಬಾತ 1905ರಲ್ಲಿ ಅದನ್ನು ಕೊಂಡು, ಮುಂದೆ ಸರ್ಕಾರಕ್ಕೆ ದಾನ ಕೊಟ್ಟ. 1908ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದನ್ನು ‘ರಾಷ್ಟ್ರೀಯ ಸ್ಮಾರಕ’ ಎಂದು ಘೋಷಿಸಿದರು. ಉದ್ಯಾನವಲ್ಲ, ಸ್ಮಾರಕ! ಜನಜಂಗುಳಿ ತಡೆಯಲು 2018ರಿಂದ ಅಲ್ಲಿ ವಾಹನ ನಿಲ್ಲಿಸಲೂ ಮುಂಗಡ ಕಾಯ್ದಿರಿಸಬೇಕು.

ಅಷ್ಟು ದೂರ ಯಾಕೆ? ಬೆಂಗಳೂರಿನ ಮಗ್ಗುಲಿಗೆ, ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ಇಂಥ ಘೋಷಣೆ ಮಾಡಬಹುದು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಠಕ್ಕೇ ದೊಡ್ಡಹುಣಸೆ ಕಲ್ಮಠವೆಂದು ಹೆಸರು. ಅಲ್ಲಿನ ಮೂರು ಬಾವೋಬಾಬ್‌ಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ, ಕಟ್ಟಿಗೆ ಎಂದು ಕಡಿಯದೆ ಅದನ್ನು ಎತ್ತಿ ಮತ್ತೆ ನೆಟ್ಟರು.

ಅರಣ್ಯ ತೀರಾ ಕಡಿಮೆಯಿರುವ ವಿಜಯಪುರ ಜಿಲ್ಲೆಯಲ್ಲಿ ಕೋಟಿ ಸಸಿ ನೆಡುವ ಅಭಿಯಾನ ನಡೆದದ್ದು ಹೆಮ್ಮೆಯ ಮಾತು. ಆದರೆ ಇಂದು ನೆಟ್ಟ ಸಸಿ ಯೋಗಾಪುರದ ಮರದ ಗಾತ್ರಕ್ಕೆ ಬರಲು ಹತ್ತಾರು ತಲೆಮಾರು ಬೇಕು. ಆದ್ದರಿಂದ ಪಾಲಿಕೆ ಮತ್ತು ಜಿಲ್ಲಾಡಳಿತ ಮೊದಲು ಇರುವ ಹಳೆಯ ಮರಗಳ ಪಟ್ಟಿ ಮಾಡಲಿ, ಸುತ್ತಳತೆ ದಾಖಲಿಸಲಿ, ಪಾರಂಪರಿಕ ತಾಣದ ಪ್ರಸ್ತಾವವನ್ನು ಜೀವವೈವಿಧ್ಯ ಮಂಡಳಿಗೆ ಕಳಿಸಲಿ. ತಾಳಿಕೋಟೆಯ ಮೇಷ್ಟ್ರುಗಳು ಮುಂದಿನ ಪ್ರವಾಸದಲ್ಲಿ ಯೋಗಾಪುರಕ್ಕೆ ಅರ್ಧ ತಾಸು ತೆಗೆದಿಡಲಿ. ಮಕ್ಕಳು ಕೈ ಕೈ ಹಿಡಿದು ಮರವನ್ನು ಸುತ್ತುವರಿಯಲಿ, ಎಷ್ಟು ಮಂದಿ ಬೇಕಾಯಿತೆಂದು ಎಣಿಸಿ ಪಟ್ಟಿಯಲ್ಲಿ ಬರೆದುಕೊಳ್ಳಲಿ.