ನಾಯಿ ಕರೆತಂದ ಡಾಕ್ಟರು

ಮಕ್ಕಳೇ, ಮನೆಮಂದಿಯೆಲ್ಲ ಒಟ್ಟಿಗೆ ಜ್ವರದಿಂದ ಮಲಗಿದರೆ ಏನು ಮಾಡುತ್ತೀರಿ? ಪಕ್ಕದ ಮನೆಯವರು ಗಂಜಿ ತಂದುಕೊಡುತ್ತಾರೆ. ಫೋನ್ ಮಾಡಿದರೆ ಆಟೋ ಬರುತ್ತದೆ. ಇದೇನೂ ಇಲ್ಲದ ಕಡೆ?

1870ರ ಸುಮಾರಿಗೆ ಅಮೆರಿಕದ ಕಾನ್ಸಾಸ್ ಬಯಲಿನಲ್ಲಿ ಇಂಗಲ್ಸ್ ಸಂಸಾರಕ್ಕೆ ಹೀಗೇ ಆಯಿತು. ಅದು ಓಸೇಜ್ ಎಂಬ ಮೂಲನಿವಾಸಿಗಳ ನೆಲ. ಬಿಳಿಯರು ಹೇಳದೆ ಕೇಳದೆ ಬಂದು ಅಲ್ಲಿ ಮನೆ ಕಟ್ಟುತ್ತಿದ್ದರು. ಇಂಗಲ್ಸರ ಮರದ ದಿಮ್ಮಿಯ ಮನೆಯ ಸುತ್ತ ಕಣ್ಣು ಹಾಯುವಷ್ಟು ದೂರ ಹುಲ್ಲೇ ಹುಲ್ಲು. ಅಪ್ಪ, ಅಮ್ಮ, ಮೇರಿ, ಪುಟ್ಟ ಲಾರಾ, ಎಲ್ಲರಿಗೂ ಚಳಿಜ್ವರ. ಮೇರಿ ನೀರು ನೀರು ಎಂದು ಅಳುತ್ತಿದ್ದಳು. ಎದ್ದು ನಿಲ್ಲಲಾರದ ಲಾರಾ ತೆವಳಿಕೊಂಡೇ ಹೋಗಿ, ಬಕೆಟ್ಟಿನ ತಳದ ನೀರನ್ನು ಸೌಟಿನಲ್ಲಿ ತಂದು ಅಕ್ಕನಿಗೆ ಕುಡಿಸಿದಳು.

ಮತ್ತೆ ಎಚ್ಚರವಾದಾಗ ಯಾರೋ ಅವಳ ತಲೆ ಎತ್ತಿ ಹಿಡಿದು ಕಹಿ ಔಷಧಿ ಕುಡಿಸುತ್ತಿದ್ದರು. ಕಪ್ಪು ಮೈಬಣ್ಣದವರು. ಅಂಥವರನ್ನು ಅವಳು ಹಿಂದೆ ನೋಡಿಯೇ ಇರಲಿಲ್ಲ. ಆದರೂ ಅವರ ನಗು ಅವಳಿಗೆ ಹಿಡಿಸಿತು, ಹೆದರಿಕೆಯಾಗಲಿಲ್ಲ. ಅವರೇ ಡಾಕ್ಟರ್ ಜಾರ್ಜ್ ಟ್ಯಾನ್. ಅಮೆರಿಕದಲ್ಲಿ ಗುಲಾಮಗಿರಿ ರದ್ದಾಗಿ ಆಗ ಐದೇ ವರ್ಷ. ಮೂಲನಿವಾಸಿಗಳಿಗೆ ಔಷಧಿ ಕೊಡುತ್ತಿದ್ದ ಈ ಡಾಕ್ಟರು ಆ ದಾರಿಯಲ್ಲಿ ಹೋಗುತ್ತಿದ್ದಾಗ, ಅಪರಿಚಿತರನ್ನು ಕಂಡರಾಗದ ಮನೆಯ ನಾಯಿ ಜ್ಯಾಕ್, ಒಳಗೆ ಬನ್ನಿ ಎಂದು ಅವರನ್ನು ಗೋಗರೆಯಿತಂತೆ!

ಆ ಜ್ವರ ಮಲೇರಿಯಾ. ಕಲ್ಲಂಗಡಿ ತಿಂದು ಬಂತು ಎಂದು ನೆರೆಯಾಕೆ ಹೇಳಿದ್ದಳು. ಸೊಳ್ಳೆಯ ಕೈವಾಡ ಗೊತ್ತಾದದ್ದು 1897ರಲ್ಲಿ, ನಮ್ಮ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುಹಿಡಿದಾಗ.

ಡಾಕ್ಟರು ಬಂದಾಗ ಲಾರಾಗೆ ಮೂರು ಮೂರೂವರೆ ವರ್ಷ. ಅಪ್ಪ ಅಮ್ಮ ಮತ್ತೆ ಮತ್ತೆ ಹೇಳಿದ್ದೂ ಅವಳ ನೆನಪಿಗೆ ಸೇರಿರಬೇಕು. 1935ರಲ್ಲಿ, 68ನೆಯ ವಯಸ್ಸಿನಲ್ಲಿ, ಆಕೆ ಇದನ್ನು ಮಕ್ಕಳ ಪುಸ್ತಕವಾಗಿ ಬರೆದರು. ಡಾಕ್ಟರ ಹೆಸರನ್ನೂ ಬರೆದರು.

ಇದನ್ನು ಓದಿದಾಗ ನನಗೆ ನಮ್ಮೂರ ಸೂಲಗಿತ್ತಿಯ ನೆನಪಾಗುತ್ತದೆ. ನನ್ನ ತಮ್ಮ ಹುಟ್ಟಿದ ರಾತ್ರಿ ಮಳೆಯಲ್ಲಿ ಬಂದು ಅಮ್ಮನನ್ನು ಉಳಿಸಿದವಳು ಆಕೆ. ಬೆಳಗ್ಗೆ ಆಕೆಗೆ ಅಂಗಳದಲ್ಲಿ ಎಲೆ ಹಾಕಿದರು, ಒಳಗೆ ಕರೆಯಲಿಲ್ಲ. ನಾನು ಬ್ಯಾಂಕಿನಲ್ಲಿ ಸಾವಿರಾರು ಹೆಸರು ಬರೆದೆ. ಆಕೆಯ ಹೆಸರು ಮಾತ್ರ ನನಗೆ ಗೊತ್ತಿಲ್ಲ. ಹೇಳಬಲ್ಲವರು ಈಗ ಯಾರೂ ಇಲ್ಲ.

ಮಕ್ಕಳೇ, ಇವತ್ತು ಅಜ್ಜ ಅಜ್ಜಿಯನ್ನು ಕೇಳಿ: ಕಷ್ಟದಲ್ಲಿ ನಮ್ಮ ಮನೆ ಬಾಗಿಲಿಗೆ ಬಂದವರು ಯಾರು? ಹೆಸರು ಬರೆದಿಟ್ಟುಕೊಳ್ಳಿ.