ಕಾರಿಗೆ ಸದ್ದು ಬರುತ್ತದಂತೆ, ಸ್ಕೂಟರಿಗೆ ಯಾವಾಗ?

ನಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಗೆ ದಿನಾ ಬೆಳಿಗ್ಗೆ ಒಬ್ಬ ಹಿರಿಯರು ಬರುತ್ತಾರೆ. ಅವರಿಗೆ ಕಣ್ಣು ಕಾಣಿಸದೆ ಇಪ್ಪತ್ತು ವರ್ಷದ ಮೇಲಾಯಿತು. ಕೈಯಲ್ಲೊಂದು ಬಿದಿರಿನ ಕೋಲು, ಹೆಗಲ ಮೇಲೊಂದು ಟವೆಲ್ಲು. ಮನೆಯಿಂದ ಅಂಗಡಿಗೆ ನಾಕುನೂರು ಹೆಜ್ಜೆ ಅಂತ ಅವರೇ ಲೆಕ್ಕ ಹೇಳುತ್ತಾರೆ. ಯಾರ ಆಸರೆಯೂ ಬೇಡ. ದಾರಿಯಲ್ಲಿ ಬರುವ ಗಾಡಿ ಯಾರದು ಅಂತ ಸಪ್ಪಳದ ಮೇಲೇ ಹೇಳಿಬಿಡುತ್ತಾರೆ. ಸೈಲೆನ್ಸರ್ ಒಡೆದ ಹಳೇ ಬೈಕು ಬಂದರೆ ಹಾಲಿನವನು. ಕೆಮ್ಮುತ್ತಾ ಬಂದರೆ ಸೊಸೈಟಿ ಸೆಕ್ರೆಟರಿಯ ಗಾಡಿ. ಟಂಟಂ ಬಂದರೆ ಅದು ಎಷ್ಟು ತುಂಬಿದೆ ಅನ್ನುವುದನ್ನೂ ಹೇಳುತ್ತಾರೆ.

ಹೋದ ತಿಂಗಳು ಒಂದು ದಿನ ಅವರು ಅಂಗಡಿ ಮುಂದೆಯೇ ಬಿದ್ದರು. ಹಿಂದಿನಿಂದ ಬಂದ ಬ್ಯಾಟರಿ ಸ್ಕೂಟರ್ ಕೋಲಿಗೆ ತಾಗಿತ್ತು. ಕೋಲು ಎರಡು ತುಂಡಾಯಿತು, ಮೊಣಕೈ ತರಚಿತು, ಪುಣ್ಯಕ್ಕೆ ಮೂಳೆ ಉಳಿಯಿತು. ಓಡಿಸುತ್ತಿದ್ದವನು ಒಂಬತ್ತನೇ ಕ್ಲಾಸಿನ ಹುಡುಗ. ಅವನೂ ಹೆದರಿ ನಡುಗುತ್ತಿದ್ದ.

"ಯಾಕಲೇ, ಹಾರ್ನ್ ಹೊಡೀಬಾರದಾಗಿತ್ತೇನು?" ಅಂತ ಅಂಗಡಿಯವರು ಗದರಿದರು.

"ಅಜ್ಜಾರು ಬಾಜೂಕ ಸರೀತಾರ ಅಂತ ಮಾಡಿದ್ನಿರೀ," ಅಂದ ಹುಡುಗ.

ಮೇಲೆದ್ದು ಕೂತ ಹಿರಿಯರು ಹುಡುಗನಿಗೆ ಬಯ್ಯಲಿಲ್ಲ. "ಸಪ್ಪಳ ಬಂದಿದ್ರ ಸರೀತಿದ್ದೆ ತಮ್ಮಾ. ನಿನ್ನ ಗಾಡಿ ಬೆಕ್ಕು ಬಂದಂಗ ಬಂತು," ಅಂದರು.

ಈ ಮಾತು ಕೇಳಿದ ಮೇಲೆ ನಾವು ಇದನ್ನು ಬರೆಯಲೇಬೇಕು ಅಂದುಕೊಂಡೆವು. ಯಾಕೆಂದರೆ ಅದೇ ವಾರ ನಾವು ಇದೇ ವಿಷಯದ ಸರಕಾರಿ ಕರಡೊಂದನ್ನು ಓದುತ್ತಿದ್ದೆವು.

2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಒಂದು ಕರಡು ಅಧಿಸೂಚನೆ ಹೊರಡಿಸಿತು. ವಿದ್ಯುತ್ ಕಾರು, ಬಸ್ಸು, ಲಾರಿಗಳು ನಿಧಾನವಾಗಿ ಹೋಗುವಾಗ ತಾವಾಗಿಯೇ ಸದ್ದು ಮಾಡಬೇಕು, ಅದಕ್ಕೊಂದು ಸಾಧನ ಕೂರಿಸಿರಬೇಕು ಅನ್ನುವುದು ಅದರ ಸಾರ. ಹೊಸದಾಗಿ ಬರುವ ಮಾಡೆಲ್‌ಗಳಿಗೆ 2026ರ ಅಕ್ಟೋಬರ್ 1ರಿಂದ, ಈಗಾಗಲೇ ಮಾರಾಟದಲ್ಲಿರುವ ಮಾಡೆಲ್‌ಗಳಿಗೆ 2027ರ ಅಕ್ಟೋಬರ್ 1ರಿಂದ ಕಡ್ಡಾಯ ಅಂತ ಅದರಲ್ಲಿ ಹೇಳಿದೆ. ಈ ಸಾಧನಕ್ಕೆ ಇಂಗ್ಲಿಷಿನಲ್ಲಿ ಎವಿಎಎಸ್ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಗಾಡಿಯ ಹೊರಗಡೆ ಕೇಳುವಂತೆ ಕೂರಿಸಿದ ಒಂದು ಸಣ್ಣ ಸ್ಪೀಕರ್. ಗಾಡಿ ಹೊರಟ ಕೂಡಲೇ ಅದು ಗುಂಯ್‌ಗುಟ್ಟಲು ಶುರು ಮಾಡುತ್ತದೆ. ವೇಗ ಹೆಚ್ಚಿದಂತೆ ದನಿ ಏರುತ್ತದೆ, ಕಡಿಮೆಯಾದಂತೆ ಇಳಿಯುತ್ತದೆ. ಡ್ರೈವರ್ ಏನೂ ಒತ್ತಬೇಕಾಗಿಲ್ಲ.

ಇದನ್ನು ಓದಿ ಕೆಲವರು ನಕ್ಕರು. ಸದ್ದಿಲ್ಲ ಅನ್ನುವುದೇ ಈ ಗಾಡಿಗಳ ದೊಡ್ಡ ಗುಣ ಅಂತ ಹೇಳಿ ಮಾರಿದರು, ಈಗ ಅದಕ್ಕೇ ಸದ್ದು ಅಂಟಿಸುತ್ತಾರಲ್ಲ ಅಂತ. ನಮಗೂ ಮೊದಲು ಹಾಗೇ ಅನಿಸಿತ್ತು. ಆಮೇಲೆ ನಮ್ಮಜ್ಜನ ಎತ್ತಿನ ಬಂಡಿ ನೆನಪಾಯಿತು. ಎತ್ತಿನ ಕೊರಳಿಗೆ ಗೆಜ್ಜೆಸರ ಕಟ್ಟುತ್ತಿದ್ದುದು ಬರೀ ಸಿಂಗಾರಕ್ಕೇನೂ ಅಲ್ಲ. ಕತ್ತಲಲ್ಲಿ ಬಂಡಿದಾರಿಯ ತಿರುವಿನಲ್ಲಿ ಎದುರಿನವರಿಗೆ ಬಂಡಿ ಬರುತ್ತಿದೆ ಅಂತ ಗೊತ್ತಾಗಲಿ ಅಂತಲೂ ಹೌದು. ಬಂಡಿ ಹೊಡೆಯುವವನು ತೂಕಡಿಸಿದರೂ ಗೆಜ್ಜೆ ತೂಕಡಿಸುತ್ತಿರಲಿಲ್ಲ. ಈಗ ಕಂಪನಿಗಳು ಮಾಡಲು ಹೊರಟಿರುವುದೂ ಅದೇ ಕೆಲಸ, ಹೆಸರು ಮಾತ್ರ ಉದ್ದ.

ಬ್ಯಾಟರಿ ಗಾಡಿ ಯಾವಾಗಲೂ ಮೌನವಾಗಿರುತ್ತದೆ ಅಂತಲ್ಲ. ಗಾಡಿಯ ಸದ್ದು ಎರಡು ಕಡೆಯಿಂದ ಬರುತ್ತದೆ, ಎಂಜಿನ್‌ನಿಂದ ಒಂದು, ಟಯರು ರಸ್ತೆಗೆ ಉಜ್ಜುವುದರಿಂದ ಇನ್ನೊಂದು. ಗಂಟೆಗೆ ಇಪ್ಪತ್ತು ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಟಯರಿನ ಸದ್ದೇ ಜೋರಾಗುತ್ತದೆ. ಆಗ ಡೀಸೆಲ್ ಕಾರಿಗೂ ಬ್ಯಾಟರಿ ಕಾರಿಗೂ ಕಿವಿಗೆ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ. ತೊಂದರೆ ಇರುವುದು ಅದಕ್ಕಿಂತ ಕೆಳಗೆ. ಓಣಿಯಲ್ಲಿ, ಸಂತೆಯಲ್ಲಿ, ಶಾಲೆ ಗೇಟಿನ ಮುಂದೆ, ಹಿಂದಕ್ಕೆ ತೆಗೆಯುವಾಗ. ಅಂದರೆ ಜನ ಗಾಡಿಗೆ ಅತಿ ಹತ್ತಿರ ಇರುವ ಜಾಗಗಳಲ್ಲೇ ಗಾಡಿ ಕೇಳಿಸುವುದಿಲ್ಲ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ಕಣ್ಣು ಕಾಣದವರು. ಅಮೆರಿಕದ ಅಂಧರ ಒಕ್ಕೂಟ ವರ್ಷಗಟ್ಟಲೆ ಇದಕ್ಕಾಗಿ ಬಡಿದಾಡಿತು. 2010ರಲ್ಲಿ ಅಲ್ಲಿನ ಸಂಸತ್ತು ಕಾನೂನು ಪಾಸು ಮಾಡಿತು. ಅದಕ್ಕೆ ನಿಯಮ ಬರೆಯಲು 2016ರ ಕೊನೆ ಬಂತು, ಪೂರ್ತಿ ಜಾರಿಯಾಗಲು 2021 ಬಂತು. ಫೈಲು ಅಲ್ಲೂ ನಡೆಯುವುದು ನಮ್ಮ ತಾಲೂಕು ಕಚೇರಿಯ ವೇಗದಲ್ಲೇ. ಜಪಾನ್ 2010ರಲ್ಲೇ ಮಾರ್ಗಸೂಚಿ ಮಾಡಿತ್ತು. ಯುರೋಪಿನಲ್ಲಿ 2019ರ ಜುಲೈಯಿಂದ ಹೊಸ ಮಾಡೆಲ್‌ಗಳಿಗೆ, 2021ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು.

ಸದ್ದು ಎಷ್ಟಿರಬೇಕು ಅಂತಲೂ ಲೆಕ್ಕವಿದೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 138ನೇದು ಇದಕ್ಕಾಗಿಯೇ ಇರುವುದು. ಅದರ ಪ್ರಕಾರ ಹತ್ತು ಕಿಲೋಮೀಟರ್ ವೇಗದಲ್ಲಿ ಕನಿಷ್ಠ 50 ಡೆಸಿಬೆಲ್, ಇಪ್ಪತ್ತರಲ್ಲಿ 56, ಹಿಂದಕ್ಕೆ ಹೋಗುವಾಗ 47. ಹೆಚ್ಚೆಂದರೆ 75 ದಾಟಬಾರದು. 56 ಡೆಸಿಬೆಲ್ ಅಂದರೆ ಕಟ್ಟೆ ಮೇಲೆ ಕೂತು ಇಬ್ಬರು ಸಾಧಾರಣ ದನಿಯಲ್ಲಿ ಮಾತಾಡುವಷ್ಟು. ಊರಿಗೆ ಊರೇ ಎದ್ದು ಕೂರುವ ಸದ್ದೇನಲ್ಲ. "ಶಬ್ದಮಾಲಿನ್ಯ ಆಗುತ್ತದೆ" ಅಂತ ವಾದಿಸುವವರು, ಮದುವೆ ಡಿಜೆ ಮುಂದೆ ನಿಂತು ಆ ಮಾತು ಹೇಳಿದ್ದರೆ ನಾವೂ ಚಪ್ಪಾಳೆ ತಟ್ಟುತ್ತಿದ್ದೆವು.

ಇಷ್ಟರ ಮಟ್ಟಿಗೆ ಕರಡು ಒಳ್ಳೆಯದು. ನಮ್ಮ ತಕರಾರು ಇರುವುದು ಅದು ಯಾರನ್ನು ಬಿಟ್ಟಿದೆ ಅನ್ನುವುದರಲ್ಲಿ.

ಕರಡು ಹೇಳುವುದು 'ಎಂ' ಮತ್ತು 'ಎನ್' ವರ್ಗದ ಗಾಡಿಗಳಿಗೆ ಮಾತ್ರ. ಎಂ ಅಂದರೆ ಜನ ಹೊರುವ ಕಾರು, ಬಸ್ಸು. ಎನ್ ಅಂದರೆ ಸರಕು ಹೊರುವ ಲಾರಿ, ಪಿಕಪ್. ಸ್ಕೂಟರ್, ಬೈಕು, ಆಟೋಗಳು 'ಎಲ್' ವರ್ಗಕ್ಕೆ ಸೇರುತ್ತವೆ. ಅವು ಇದರಲ್ಲಿಲ್ಲ.

ಈಗ ನಿಮ್ಮ ಊರಿನ ರಸ್ತೆಯನ್ನೇ ಒಮ್ಮೆ ನೆನಪು ಮಾಡಿಕೊಳ್ಳಿ. ಬ್ಯಾಟರಿ ಕಾರು ಎಷ್ಟಿವೆ? ನಮ್ಮ ಊರಲ್ಲಿ ಒಂದೂ ಇಲ್ಲ. ಜಾತ್ರೆಗೆ ಬೆಂಗಳೂರಿನಿಂದ ಬಂದವರದು ಒಂದು ಬಂದಿತ್ತು, ಹುಡುಗರು ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸುಗಳು ಬೆಂಗಳೂರಿನಿಂದ ಮೈಸೂರು, ಮಡಿಕೇರಿ, ದಾವಣಗೆರೆ ಕಡೆ ಓಡುತ್ತವೆ ನಿಜ, ಆದರೆ ಅವು ನಮ್ಮ ಓಣಿಗೆ ಬರುವುದಿಲ್ಲ. ಬ್ಯಾಟರಿ ಸ್ಕೂಟರ್ ಮಾತ್ರ ಎಣಿಸಿದರೆ ಹನ್ನೊಂದು ಇವೆ, ಮೂರು ಆಟೋ ಬೇರೆ. ದೇಶದ ಲೆಕ್ಕವೂ ಹೀಗೇ ಇದೆ. ಭಾರತದಲ್ಲಿ ಮಾರಾಟವಾಗುವ ವಿದ್ಯುತ್ ವಾಹನಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಎರಡು ಗಾಲಿ, ಮೂರು ಗಾಲಿಯವೇ.

ಹಾಗಿದ್ದರೆ ಇವುಗಳನ್ನು ಯಾಕೆ ಬಿಟ್ಟರು? ವಿಶ್ವಸಂಸ್ಥೆಯ ಆ 138ನೇ ನಿಯಮವೂ ಕಾರು, ಬಸ್ಸು, ಲಾರಿಗಳಿಗೆ ಮಾತ್ರ ಇದೆ. ಅದನ್ನು ಬರೆದವರ ಬೀದಿಗಳಲ್ಲಿ ಓಡಾಡುವುದು ಹೆಚ್ಚಾಗಿ ಕಾರು, ಅವರ ಮಟ್ಟಿಗೆ ಅದು ಸರಿ. ನಮ್ಮ ದಿಲ್ಲಿಯವರು ಅದೇ ಅಳತೆಯ ಅಂಗಿಯನ್ನು ನಮಗೂ ಹೊಲಿಸಿದ್ದಾರೆ ಅಂತ ನಮಗೆ ಅನಿಸುತ್ತದೆ. ತೋಳು ಇಲ್ಲದ್ದನ್ನು ನೋಡಿಲ್ಲ.

ಇನ್ನೊಂದು ಸಂಗತಿ ಇದೆ, ಇದು ಹಳ್ಳಿಯ ಅಪ್ಪ ಅಮ್ಮಂದಿರು ತಿಳಿಯಬೇಕಾದದ್ದು. 250 ವ್ಯಾಟಿನ ಒಳಗಿನ, ಗಂಟೆಗೆ 25 ಕಿಲೋಮೀಟರ್ ದಾಟದ ಸ್ಕೂಟರನ್ನು ಕಾಯ್ದೆ ಮೋಟಾರು ವಾಹನ ಅಂತಲೇ ಎಣಿಸುವುದಿಲ್ಲ. ನಂಬರ್ ಪ್ಲೇಟ್ ಬೇಡ, ಲೈಸೆನ್ಸ್ ಬೇಡ. ಅದಕ್ಕೇ ಹೈಸ್ಕೂಲ್ ಮಕ್ಕಳ ಕೈಗೆ ಅದೇ ಸಿಗುತ್ತದೆ. "ನಿಧಾನಕ್ಕೆ ಹೋಗ್ತದ, ಏನೂ ಆಗಂಗಿಲ್ಲ" ಅನ್ನುತ್ತಾರೆ. ಆದರೆ ಮೇಲೆ ಹೇಳಿದ ಟಯರಿನ ಲೆಕ್ಕ ನೋಡಿ. 25ರ ಒಳಗೆ ಓಡುವ ಗಾಡಿ ಅಂದರೆ ಯಾವತ್ತೂ ಕೇಳಿಸದ ಗಾಡಿ. ಅತಿ ಮೌನದ ಗಾಡಿ, ಅತಿ ಕಡಿಮೆ ಅನುಭವದ ಸವಾರ, ಫುಟ್‌ಪಾತೇ ಇಲ್ಲದ ರಸ್ತೆ. ಈ ಮೂರೂ ಒಂದೇ ಕಡೆ ಸೇರುವುದು ಊರಲ್ಲೇ.

ನಾವು ಬರೆಯುವ ಮುಂಚೆ ನಮ್ಮ ಗುಂಪಿನಲ್ಲಿ ಇದರ ಬಗ್ಗೆ ಜಗಳವೇ ಆಯಿತು. ಒಬ್ಬರು ಬ್ರಿಟನ್ನಿನ ಒಂದು ಅಧ್ಯಯನ ಮುಂದಿಟ್ಟರು. 2013ರಿಂದ 2017ರವರೆಗಿನ ಅಪಘಾತಗಳನ್ನು ನೋಡಿ 2024ರಲ್ಲಿ ಪ್ರಕಟಿಸಿದ್ದು. ಓಡಿದ ದೂರಕ್ಕೆ ಹೋಲಿಸಿದರೆ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳು ಪಾದಚಾರಿಗಳಿಗೆ ಗುದ್ದಿದ್ದು ಪೆಟ್ರೋಲ್, ಡೀಸೆಲ್ ಕಾರುಗಳ ಎರಡರಷ್ಟು. ಪಟ್ಟಣಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಹಳ್ಳಿಗಾಡಿನಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. "ನೋಡಿ, ಇದು ಪಟ್ಟಣದ ಸಮಸ್ಯೆ, ನಮಗ್ಯಾಕೆ?" ಅಂತ ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಆದರೆ ಬ್ರಿಟನ್ನಿನ ಹಳ್ಳಿಗಾಡಿನ ರಸ್ತೆ ನಮ್ಮ ಊರ ರಸ್ತೆಯಲ್ಲ. ಅಲ್ಲಿ ಹೊಲಗಳ ನಡುವೆ ಕಾರುಗಳು ಜೋರಾಗಿ ಹೋಗುತ್ತವೆ, ಟಯರು ಕೂಗುತ್ತದೆ, ನಡೆಯುವವರು ಕಡಿಮೆ. ನಮ್ಮಲ್ಲಿ ರಸ್ತೆಯೇ ಅಂಗಳ. ಅಲ್ಲೇ ಜೋಳ ಒಣಗುತ್ತದೆ, ಅಲ್ಲೇ ಮಕ್ಕಳು ಗೋಲಿ ಆಡುತ್ತಾರೆ, ಅಲ್ಲೇ ಕುರಿಹಿಂಡು ಹೋಗುತ್ತದೆ, ಅಲ್ಲೇ ಅಜ್ಜಿಯರು ಮೊರ ಹಿಡಿದು ರಸ್ತೆಗೆ ಬೆನ್ನು ಮಾಡಿ ಕೂರುತ್ತಾರೆ. ಗಾಡಿಯ ವೇಗ, ಜನಸಂದಣಿ ಎರಡರಲ್ಲೂ ನಮ್ಮ ಓಣಿ ಅವರ ಪಟ್ಟಣದ ಬೀದಿಗೇ ಹತ್ತಿರ. ಆ ಅಧ್ಯಯನದಿಂದ ನಾವು ಕಲಿಯಬೇಕಾದದ್ದು ಅದರ ಮೊದಲ ಭಾಗ ಅಂತ ನಮ್ಮ ತೀರ್ಮಾನ. ಆ ಗೆಳೆಯರು ಇನ್ನೂ ಪೂರ್ತಿ ಒಪ್ಪಿಲ್ಲ, ಅದನ್ನೂ ಹೇಳಿಬಿಡುತ್ತೇವೆ.

ಇನ್ನೊಬ್ಬರದು ಬೇರೆ ತಕರಾರು. ಗಾಡಿಗೆ ಸದ್ದು ಕೊಟ್ಟು "ಕೇಳಿಸಿಕೊಂಡು ಸರಿ" ಅಂತ ನಡೆಯುವವನ ಮೇಲೆ ಹೊರೆ ಹಾಕುವುದು ಸರಿಯೇ? ಕಿವಿ ಕೇಳದವರು ಏನು ಮಾಡಬೇಕು? ನೋಡಿ ಓಡಿಸುವುದು ಸವಾರನ ಕೆಲಸವಲ್ಲವೇ? ಈ ಮಾತಿಗೆ ನಾವು ತಲೆಬಾಗುತ್ತೇವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಇವರೆಲ್ಲ ಬ್ಯಾಟರಿ ಗಾಡಿಗೆ ಸಿಕ್ಕವರಲ್ಲ, ಬಹುಪಾಲು ಜನರನ್ನು ಕೊಂದದ್ದು ಜೋರು ಸದ್ದಿನ ಗಾಡಿಗಳೇ. ಸದ್ದೊಂದೇ ಯಾರನ್ನೂ ಕಾಪಾಡುವುದಿಲ್ಲ. ಹಾಗಂತ ಸದ್ದೂ ಬೇಡ ಅನ್ನಲಾದೀತೇ? ಫುಟ್‌ಪಾತ್ ಬರುವವರೆಗೆ ಆ ಚಹಾದಂಗಡಿಯ ಹಿರಿಯರಿಗೆ ಮನೆಯಲ್ಲೇ ಕೂರಿ ಅನ್ನಲಾದೀತೇ? 2011ರ ಜನಗಣತಿಯಲ್ಲಿ ದೃಷ್ಟಿದೋಷ ಇರುವವರೆಂದು ಬರೆಸಿಕೊಂಡವರೇ ದೇಶದಲ್ಲಿ 50 ಲಕ್ಷ. ಅವರಿಗೆ ರಸ್ತೆ ಅಂದರೆ ಕಿವಿಯೇ.

ಹಾರ್ನ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಹಾರ್ನ್ ಹೊಡೆಯಬೇಕಾದರೆ ಸವಾರ ಮೊದಲು ನಿಮ್ಮನ್ನು ನೋಡಿರಬೇಕು, ನೋಡಿ ಹೊಡೆಯಬೇಕು ಅನಿಸಿರಬೇಕು. ನಮ್ಮ ಹುಡುಗ ನೋಡಿದ್ದ, ಆದರೆ ಹೊಡೆಯಲಿಲ್ಲ. ಮತ್ತೆ, ಹಾರ್ನ್ ಕೇಳಿದ ಮುದುಕರು ಬೆಚ್ಚಿಬಿದ್ದು ಯಾವ ಕಡೆ ಸರಿಯುತ್ತಾರೋ ಹೇಳಲಾಗದು. ಏರುತ್ತಾ ಬರುವ ಸದ್ದು ಹಾಗಲ್ಲ. ಎಷ್ಟು ದೂರ, ಯಾವ ಬದಿ, ನಿಂತಿತೋ ಬರುತ್ತಿದೆಯೋ, ಇಷ್ಟನ್ನೂ ಅದು ತಾನೇ ಹೇಳುತ್ತದೆ.

ಸದ್ದು ಯಾವುದಿರಬೇಕು ಅನ್ನುವ ವಿಷಯದಲ್ಲೂ ನಮಗೆ ಭಯವಿದೆ. ನಮ್ಮ ಜನರ ಕೈಗೆ ಬಿಟ್ಟರೆ ರಿವರ್ಸ್ ಹಾಕಿದರೆ ಹಾಡು ಬರುವ ಕಾರುಗಳ ಹಾಗೆ ಆದೀತು. ಒಬ್ಬನ ಸ್ಕೂಟರ್ ಸಿನಿಮಾ ಡೈಲಾಗ್ ಹೊಡೆದರೆ ಇನ್ನೊಬ್ಬನದು ಸಿಂಹದಂತೆ ಗರ್ಜಿಸೀತು. ಗಾಡಿಯ ಸದ್ದು ಗಾಡಿಯಂತೆಯೇ ಕೇಳಬೇಕು ಅಂತ ಯುರೋಪಿನ ನಿಯಮ ಹೇಳುತ್ತದೆ, ಅದು ಸರಿಯಾದ ಮಾತು. ಬೇಡವಾದಾಗ ಆಫ್ ಮಾಡುವ ಸ್ವಿಚ್ಚೂ ಇರಬಾರದು. ಮೊದಮೊದಲು ಅಂಥ ಸ್ವಿಚ್ಚಿಗೆ ಅವಕಾಶ ಕೊಟ್ಟು ಆಮೇಲೆ ತೆಗೆದುಹಾಕಿದ್ದಾರೆ.

ಖರ್ಚಾಗುತ್ತದೆ ಅನ್ನುವ ನೆಪ ಸ್ಕೂಟರ್ ಕಂಪನಿಗಳಿಂದ ಬರಬಹುದು. ಹಾಡು ಕೇಳಲು ಸ್ಪೀಕರ್ ಇರುವ ಬ್ಯಾಟರಿ ಸ್ಕೂಟರ್‌ಗಳು ಈಗಾಗಲೇ ಪೇಟೆಯಲ್ಲಿವೆ. ಸವಾರನ ಖುಷಿಗೆ ಸಿಗುವ ಸ್ಪೀಕರ್ ನಡೆಯುವವನ ಜೀವಕ್ಕೆ ಯಾಕೆ ದುಬಾರಿಯಾಗಬೇಕು? 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದದ್ದು ನಮ್ಮ ರಾಜ್ಯ. ಅದಕ್ಕೂ ಮೊದಲೇ, 2001ರಲ್ಲಿ, ರೇವಾ ಅನ್ನುವ ಪುಟ್ಟ ಬ್ಯಾಟರಿ ಕಾರು ಹೊರಬಂದದ್ದೂ ಬೆಂಗಳೂರಿನಿಂದಲೇ. ಹೀಗಿರುವಾಗ 'ಎಲ್' ವರ್ಗವನ್ನೂ ಸೇರಿಸಿ ಅಂತ ದಿಲ್ಲಿಗೆ ಬರೆಯುವ ಮೊದಲ ರಾಜ್ಯವೂ ನಮ್ಮದೇ ಆಗಲಿ. 25 ಕಿಲೋಮೀಟರಿನ ಒಳಗಿನ ಸ್ಕೂಟರಿಗೆ ನಂಬರ್ ಪ್ಲೇಟ್ ಬೇಡದಿದ್ದರೆ ಬೇಡ, ಸದ್ದು ಮಾತ್ರ ಇರಲಿ. ನಮ್ಮ ಶಾಸಕರು, ಸಂಸದರು ಹೊಸ ಶೋರೂಮ್ ರಿಬ್ಬನ್ ಕತ್ತರಿಸಲು ಬಂದಾಗ ಇದನ್ನೊಮ್ಮೆ ಕೇಳಿ ನೋಡಿ. ನಾವು ಒಬ್ಬರನ್ನು ಕೇಳಿದೆವು. "ಸದ್ದಿಲ್ಲದ್ದೇ ಚೆನ್ನಾಗಿದೆಯಲ್ರೀ," ಅಂದರು.

ಆ ಹುಡುಗನ ವಿಷಯ ಹೇಳುವುದು ಉಳಿಯಿತು. ಅವನಪ್ಪ ಮರುದಿನವೇ ಹಿರಿಯರಿಗೆ ಹೊಸ ಕೋಲು ತಂದುಕೊಟ್ಟರು. ಸಂತೆಯಿಂದ ಎತ್ತಿನ ಗೆಜ್ಜೆಯನ್ನೂ ತಂದು ಸ್ಕೂಟರಿನ ಮುಂದಿನ ಬುಟ್ಟಿಗೆ ಕಟ್ಟಿದರು. ಈಗ ದೂರದಿಂದಲೇ ಹಿರಿಯರು, "ಬಂತು ನೋಡ್ರಿ ನಮ್ಮ ಎತ್ತು," ಅಂತ ನಗುತ್ತಾ ಬದಿಗೆ ಸರಿಯುತ್ತಾರೆ. ಗುಂಡಿ ಬಿದ್ದ ಹಳೇ ರಸ್ತೆಯಲ್ಲಿ ಗೆಜ್ಜೆ ಚೆನ್ನಾಗಿ ಕುಣಿಯುತ್ತದೆ. ಪಂಚಾಯಿತಿಯವರು ಶಾಲೆಯ ತನಕ ಹೊಸದಾಗಿ ಸಿಸಿ ರಸ್ತೆ ಮಾಡಿದ್ದಾರೆ, ಅದರ ಮೇಲೆ ಗೆಜ್ಜೆ ಅಲ್ಲಾಡುವುದೇ ಇಲ್ಲ.