ಕಟ್ಟಿಯೋ ಕತ್ತಿಯೋ?

ನುಡಿ ಕೆಟ್ಟಿತೆಂದು ಗೋಳಿಡುವುದು ಹಿರಿಯರ ಆಜನ್ಮಸಿದ್ಧ ಹಕ್ಕು. ಅದನ್ನು ನಾನೂ ಬಿಟ್ಟುಕೊಡುವವನಲ್ಲ. ಆದರೆ ಗೋಳಿಗೂ ತಕ್ಕ ಕಾರಣ ಬೇಡವೆ?

ಮೊಬೈಲಿನ ಹರಟೆಯಲ್ಲಿ ತರುಣರು ಶಬ್ದಗಳ ಕೈಕಾಲು ಕತ್ತರಿಸುತ್ತಾರೆಂಬುದು ಮೊದಲ ದೂರು. ನಮ್ಮ ಅಜ್ಜಂದಿರು ಮಾಡಿದ್ದೇನು? ‘ತೀ. ರೂ.’, ‘ಚಿ. ಸೌ.’, ‘ಶಿ. ಸಾ. ನಮಸ್ಕಾರ’ ಎಂದು ತೀರ್ಥರೂಪರನ್ನೂ ಸಾಷ್ಟಾಂಗವನ್ನೂ ಒಂದೊಂದು ಅಕ್ಷರಕ್ಕಿಳಿಸಿದವರು ಅವರೇ. ಮದುವೆಯ ಹಾರೈಕೆಯನ್ನು ತಂತಿ ಕಚೇರಿಯಲ್ಲಿ ಒಂದು ಅಂಕಿಯಿಂದ ತೀರಿಸಿದವರೂ ಅವರೇ; ಆ ತಂತಿ ನಿಂತದ್ದು 2013ರಲ್ಲಿ. ದನದ ಸಂತೆಯ ದಲಾಲರು ವಸ್ತ್ರದ ಮರೆಯಲ್ಲಿ ಬೆರಳು ಅದುಮಿ ಜೋಡೆತ್ತಿನ ಬೆಲೆ ಕಟ್ಟಿದಾಗ ಭಾಷೆ ಸತ್ತಿತೆಂದು ಯಾರೂ ಅಳಲಿಲ್ಲ. ಇಂದಿನ ಹುಡುಗಿಯರ ‘ಓಎಂಜಿ’ ಕೂಡ ಎಳೆಯ ಕೂಸಲ್ಲ. 1917ರಲ್ಲಿ ಇಂಗ್ಲೆಂಡಿನ ಮುದಿ ನೌಕಾಧಿಪತಿ ಫಿಶರ್ ಚರ್ಚಿಲ್ಲನಿಗೆ ಬರೆದ ಪತ್ರದಲ್ಲಿ ಅದು ಕಾಣಿಸಿಕೊಂಡಿದೆ.

ನನ್ನ ತಕರಾರು ಬೇರೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಚಾಳಿಯಿದೆಯಲ್ಲ, ಅದು. ರಾಣೆಬೆನ್ನೂರಿನ ಹುಡುಗನೊಬ್ಬ ಗೆಳೆಯನಿಗೆ ‘ಕಟ್ಟಿ ಮ್ಯಾಲೆ ಕುಂತೇನಿ, ಲಗೂ ಬಾ’ ಎಂದು ಹಾಗೆ ಬರೆದನೆನ್ನಿ. ಆ ಲಿಪಿಗೆ ಟಕಾರ ತಕಾರಗಳ ಭೇದ ತಿಳಿಯದು; ನಮ್ಮ ಕಡೆಯ ಆಡುನುಡಿಯಲ್ಲಿ ಕತ್ತೆಯೂ ‘ಕತ್ತಿ’ಯೇ. ಗೆಳೆಯ ಅವನನ್ನು ಯಾವ ವಾಹನದ ಮೇಲೆ ಹುಡುಕಬೇಕು? ಹಳ್ಳಿಗೆ ಹೋದವನು ಹಲ್ಲಿಗೆ ಹೋಗುತ್ತಾನೆ. ಮನೆಯ ಹಾಲೆಲ್ಲ ಹಾಳು.

ಈ ಚಾಳಿಗೆ ಹಿಂದೆ ಒಂದು ನೆವವಿತ್ತು. 1992ರ ಡಿಸೆಂಬರಿನಲ್ಲಿ ಮೊದಲು ಹೊರಟ ಕಿರುಸಂದೇಶಕ್ಕೆ ಇಂಗ್ಲಿಷಿನಲ್ಲಾದರೆ 160 ಅಕ್ಷರಗಳ ಅಳತೆ. ಕನ್ನಡಕ್ಕೆ ದಕ್ಕಿದ್ದು 70. ಅದರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಕಣ್ಣಿಗೆ ಮೂರೇ ಅಕ್ಷರವಾಗಿರುವ ‘ಬ್ಯಾಡಗಿ’ ಯಂತ್ರಕ್ಕೆ ಏಳು, ‘ಹಾವೇರಿ’ ಆರು, ‘ರಾಣೆಬೆನ್ನೂರು’ ಹನ್ನೆರಡು! ಮೂರು ಊರ ಹೆಸರು ಹೇಳುವಷ್ಟರಲ್ಲಿ ಮೂರನೆಯ ಒಂದು ಪಾಲು ಮುಗಿಯಿತು. ಬಡಪಾಯಿ ವಿದ್ಯಾರ್ಥಿ ಮತ್ತೇನು ಮಾಡಿಯಾನು?

ಆದರೆ ಇಂದು ಆ ಅಳತೆಯೂ ಇಲ್ಲ, ಆ ಕಾಸೂ ಇಲ್ಲ. ಕನ್ನಡದ ಕೀಲಿಮಣೆ ಪ್ರತಿಯೊಬ್ಬನ ಬೆರಳ ತುದಿಯಲ್ಲಿದೆ. ನೆವ ಸತ್ತರೂ ಚಾಳಿ ಬದುಕಿದೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನೆರೆಯಿತಷ್ಟೆ. ‘ಬಾರೋ’ ಎಂದು ಗೆಳೆಯರನ್ನು ಅಲ್ಲಿಗೆ ಕರೆದ ಸಂದೇಶಗಳಲ್ಲಿ ಕನ್ನಡ ಲಿಪಿಯವು ಎಷ್ಟಿದ್ದವೋ! ಳಕಾರ ಕಣ್ಣಿಗೆ ಬೀಳದಾದ ಮೇಲೆ ಕಿವಿಯಿಂದಲೂ ನಾಲಗೆಯಿಂದಲೂ ಜಾರದೆ ಉಳಿದೀತೆಂದು ನನಗೆ ನಂಬಿಕೆಯಿಲ್ಲ. ಉಪಾಧ್ಯಾಯರು ಕಡಿದ ಶಬ್ದಗಳ ಮೇಲೆ ಕೆಂಪು ಶಾಯಿ ಸುರಿಯುವ ಬದಲು ಈ ಲಿಪಿಯ ಪ್ರಶ್ನೆಯನ್ನು ಹಿಡಿದರೆ ಮೇಲು. ಅಷ್ಟಕ್ಕೂ ಚುಟುಕುತನವೇ ಬೇಕಾದರೆ ‘ಸರಿ’ ಎನ್ನಲು ಕನ್ನಡಕ್ಕೆ ಎರಡೇ ಅಕ್ಷರ ಸಾಕು. ಇಂಗ್ಲಿಷ್ ಲಿಪಿಗೆ ನಾಲ್ಕು.

ಇನ್ನು ‘ಕೆ’ ಎಂಬ ಉತ್ತರ. ಗುರುಗಳು ಹತ್ತು ಸಾಲು ಉಪದೇಶಿಸಿದರೆ ಶಿಷ್ಯನದು ‘ಕೆ’. ‘ಓಕೆ’ಯ ‘ಓ’ ಹೋದದ್ದಕ್ಕೆ ನನಗೆ ದುಃಖವಿಲ್ಲ. ‘ಹೂಂ ರೀ’ ಎಂಬಲ್ಲಿಯ ‘ರೀ’ ಹೋದದ್ದಕ್ಕೆ ಇದೆ. ನಮ್ಮ ಸೀಮೆಯ ಮರ್ಯಾದೆಯೆಲ್ಲ ಆ ಒಂದಕ್ಷರದಲ್ಲಿತ್ತು.

ಚಿತ್ರಾಕ್ಷರಗಳನ್ನು ಮಾತ್ರ ಯಾರೂ ಬೈಯಬೇಡಿರಿ. 2014ರಲ್ಲಿ ಅವುಗಳ ಸಾಲಿಗೆ ಕೆಂಪು ಮೆಣಸಿನಕಾಯಿಯೂ ಸೇರಿತು; ಅದಕ್ಕಿಟ್ಟ ಹೆಸರು ಖಾರದ ಮೆಣಸಿನಕಾಯಿ ಎಂದು. 2011ರಲ್ಲೇ ಭೌಗೋಳಿಕ ಗುರುತು ಪಡೆದ ಬ್ಯಾಡಗಿಯ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಬ್ಯಾಡಗಿಯವರು ಕೋಪಿಸಿಕೊಂಡು ಆ ಚಿತ್ರ ಕಳಿಸಿದರೆ ಅಂಜಬೇಕಾದ್ದಿಲ್ಲ.